ಅಮೆರಿಕದ ಆಕ್ಸಿಡೆಂಟ್ ಕೇಸ್ ಲಾಯರ್‌ಗಳು ಹೋರಾಟ, ಚಳವಳಿ ಅಂತಲೂ ಓಡಾಡ್ತಾರಲ್ಲ, ಅದು ನಿಜವಾದ ಕಾಳಜಿನಾ ಇಲ್ಲಾ ದುಡ್ಡಿಗಾ?

ಎರಡೂ ಒಂದೇ ಮನುಷ್ಯನಲ್ಲಿ ಇರಬಹುದು, ನಾನು ಹತ್ತಿರದಿಂದ ನೋಡಿದ್ದೀನಿ, ಅದಕ್ಕೇ ಉತ್ತರ ಬರೀತಿದ್ದೀನಿ.

ನಾನು ಒಹಾಯೋದ ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾಗ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ಲಾರಿ ಬಂದು ಗುದ್ತು. ಕುತ್ತಿಗೆ, ಭುಜ ಎರಡೂ ಹೋಗಿ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಇತ್ತ ಲಾರಿ ಕಂಪನಿ ಕಡೆಯವರು ಆಸ್ಪತ್ರೆ ಬಿಲ್ಲಿನ ಅರ್ಧಕ್ಕೂ ಸಾಲದ ದುಡ್ಡು ಹೇಳಿ ಸಹಿ ಹಾಕಿ ಅಂತ ಫೋನ್ ಮೇಲೆ ಫೋನ್. ಆಫೀಸಲ್ಲಿ ಒಬ್ರು ಹೇಳಿದ್ರು ಅಂತ ಒಬ್ಬ ವಯಸ್ಸಾದ ಲಾಯರ್ ಹತ್ರ ಹೋದೆ. ಫೀಸ್ ಎಷ್ಟು ಅಂದೆ. ಗೆದ್ರೆ ಮೂರರಲ್ಲಿ ಒಂದು ಪಾಲು, ಸೋತ್ರೆ ಏನೂ ಬೇಡ ಅಂದ್ರು. ಅವರ ಗೋಡೆ ತುಂಬ ಯೂನಿಯನ್ ಮೆರವಣಿಗೆ ಫೋಟೋಗಳು, ಭಾನುವಾರ ಬಾಡಿಗೆ ಮನೆಯವರ ಸಭೆಗೆ ಹೋಗಿ ಪುಕ್ಕಟೆ ಸಲಹೆ ಕೊಡ್ತಿದ್ರು.

ನಮ್ಮ ದೇಶದಲ್ಲಿ ವಕೀಲರು ಹೀಗೆ ಪಾಲು ಮಾತಾಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮನೇ ಬೇಡ ಅನ್ನುತ್ತೆ, ಹಾಗಾಗಿ ನಮಗೆ ಇದು ಕೇಳೋಕೇ ಒಂಥರಾ. ಆದ್ರೆ ಯೋಚ್ನೆ ಮಾಡಿ, ದೊಡ್ಡ ಕಂಪನಿ ಮೇಲೆ ಕೇಸ್ ಹಾಕೋಕೆ ಡಾಕ್ಟರ್ ಸಾಕ್ಷಿ, ಎಕ್ಸ್‌ಪರ್ಟ್‌ಗಳು, ಲಕ್ಷಾಂತರ ಪುಟ ದಾಖಲೆ ಓದೋ ಜನ, ಇದಕ್ಕೆಲ್ಲ ಕೂಲಿ ಮಾಡೋನು ಎಲ್ಲಿಂದ ತರ್ತಾನೆ, ಅದನ್ನ ಲಾಯರೇ ಕೈಯಿಂದ ಹಾಕ್ತಾನೆ, ಸೋತ್ರೆ ಅವನದೇ ಮುಳುಗುತ್ತೆ. ಈ ಲಾಯರ್‌ಗಳ ರಾಷ್ಟ್ರೀಯ ಸಂಘ ಶುರುವಾಗಿದ್ದೇ 1946ರಲ್ಲಿ, ಕೆಲಸದಲ್ಲಿ ಗಾಯ ಆದ ಕಾರ್ಮಿಕರ ಪರಿಹಾರದ ಕೇಸ್ ನಡೆಸೋರು ಸೇರ್ಕೊಂಡು. ಅಂದ್ರೆ ಎಡಪಂಥದ ಒಲವು ಆಮೇಲೆ ಅಂಟಿಸ್ಕೊಂಡಿದ್ದಲ್ಲ, ಬೇರಲ್ಲೇ ಇತ್ತು.

ನಾನಿದ್ದ ಊರಿನ ಕೋರ್ಟಿಗೇ ಬಂದ ಒಂದು ಕೇಸ್ ಹೇಳ್ತೀನಿ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ರ ಡ್ಯುಪಾಂಟ್ ಕಂಪನಿಯ ಫ್ಯಾಕ್ಟರಿ, ಅಲ್ಲಿ ಟೆಫ್ಲಾನ್ ಮಾಡೋಕೆ ಸಿ8 ಅನ್ನೋ ರಾಸಾಯನಿಕ ಬಳಸ್ತಿದ್ರು. 1998ರಲ್ಲಿ ಆ ಕಡೆಯ ಒಬ್ಬ ರೈತ ನನ್ನ ದನಗಳು ಒಂದೊಂದಾಗಿ ಸಾಯ್ತಿವೆ ಅಂತ ಸಿನ್ಸಿನಾಟಿಯ ಲಾಯರ್ ರಾಬ್ ಬಿಲಟ್ ಹತ್ರ ಬಂದ. ಬಿಲಟ್ ಅಲ್ಲಿವರೆಗೂ ಕೆಮಿಕಲ್ ಕಂಪನಿಗಳ ಪರವಾಗೇ ಕೆಲಸ ಮಾಡ್ತಿದ್ದವರು. ಕೇಸ್ ಹಾಕಿದ ಮೇಲೆ ಕೋರ್ಟ್ ಮೂಲಕ ಕಂಪನಿಯ ಒಳಗಿನ ಕಾಗದಗಳು ಕೈಗೆ ಬಂದ್ವು, ಅದನ್ನೆಲ್ಲ ಓದಿ 2001ರಲ್ಲಿ 972 ಪುಟದ ಪತ್ರ ಮಾಡಿ ಪರಿಸರ ಇಲಾಖೆಗೆ ಕಳಿಸಿದ್ರು. ಸರ್ಕಾರದ ಕಣ್ಣು ತೆರೆಸಿದ್ದು ಒಬ್ಬ ರೈತನ ಕೇಸು! ಆಮೇಲೆ ಸುಮಾರು 69,000 ಜನರ ರಕ್ತ ಪರೀಕ್ಷೆ ಆಯ್ತು, ವಿಜ್ಞಾನಿಗಳ ಸಮಿತಿ ಕಿಡ್ನಿ ಕ್ಯಾನ್ಸರ್, ಥೈರಾಯ್ಡ್ ಸೇರಿ 6 ಕಾಯಿಲೆಗಳಿಗೆ ಸಿ8 ಜತೆ ಸಂಬಂಧ ಇರೋ ಸಾಧ್ಯತೆ ಇದೆ ಅಂತ ಹೇಳ್ತು.

ಅದಾದ ಮೇಲೆ ಒಬ್ಬೊಬ್ಬರ ಕೇಸ್ ಜ್ಯೂರಿ ಮುಂದೆ ನಿಂತಾಗ ವಾದಕ್ಕೆ ಬಂದೋರಲ್ಲಿ ಫ್ಲಾರಿಡಾದ ಮೈಕ್ ಪಾಪಾಂಟೋನಿಯೋ ಒಬ್ರು. ನೀವು ಕೇಳಿರೋ ಥರದ ಲಾಯರ್ ಅಂದ್ರೆ ಇವರೇ, ಕೋರ್ಟಲ್ಲಿ ಕಂಪನಿಗಳ ವಿರುದ್ಧ ಗಾಯಾಳುಗಳ ಕೇಸ್, ಹೊರಗೆ ರೇಡಿಯೋದಲ್ಲಿ ಅದೇ ಕಾರ್ಪೊರೇಟ್‌ಗಳ ವಿರುದ್ಧ ಪ್ರಗತಿಪರ ರಾಜಕೀಯದ ಮಾತು. 2015ರಲ್ಲಿ ಕೊಲಂಬಸ್ ಫೆಡರಲ್ ಕೋರ್ಟಲ್ಲಿ ಕಿಡ್ನಿ ಕ್ಯಾನ್ಸರ್ ಬಂದಿದ್ದ ಒಬ್ಬ ಮಹಿಳೆಗೆ ಜ್ಯೂರಿ 16 ಲಕ್ಷ ಡಾಲರ್ ಕೊಡ್ತು, 2017ರಲ್ಲಿ ಸುಮಾರು 3,550 ಕೇಸ್‌ಗಳು 67 ಕೋಟಿ ಡಾಲರ್‌ಗೆ ಇತ್ಯರ್ಥ ಆದ್ವು. ಲಾಯರ್‌ಗಳಿಗೂ ತುಂಬಾ ದುಡ್ಡು ಹೋಯ್ತು, ಹೌದು. ಆ ದುಡ್ಡು ಸಿಗೋ ಸಾಧ್ಯತೆ ಇಲ್ದಿದ್ರೆ ಅಷ್ಟು ವರ್ಷ ಯಾರು ಕೂತಿರ್ತಿದ್ರು ಹೇಳಿ.

ಕೆಟ್ಟ ಮುಖನೂ ಇದೆ, ಅದನ್ನ ಮುಚ್ಚಿಡಲ್ಲ, ಅದರಲ್ಲೂ ನಮ್ಮ ದೇಶದವರು ಮರೆಯೋ ಹಾಗೇ ಇಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲ್‌ನಲ್ಲಿ ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿಯ ವಿಷಾನಿಲ ಸೋರಿ ಬಿದ್ದ ಹೆಣಗಳ ಲೆಕ್ಕ ಮುಗಿಯೋ ಮೊದಲೇ ಅಮೆರಿಕದ ಲಾಯರ್‌ಗಳು ವಿಮಾನ ಹತ್ತಿ ಬಂದು, ನಮ್ಮ ಕೇಸ್ ನೀವೇ ನಡೆಸಿ ಅನ್ನೋ ಕಾಗದಕ್ಕೆ ಇಂಗ್ಲಿಷ್ ಬರದ ಜನರ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ನಂಗೆ ಇವತ್ತಿಗೂ ಅದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. 1985ರಲ್ಲಿ ಭಾರತ ಸರ್ಕಾರ ಎಲ್ಲ ಸಂತ್ರಸ್ತರ ಪರ ನಾನೊಬ್ಬನೇ ಅಂತ ಕಾನೂನು ಮಾಡ್ತು, 1986ರಲ್ಲಿ ನ್ಯೂಯಾರ್ಕ್ ಜಡ್ಜ್ ಕೀನನ್ ಕೇಸನ್ನ ಭಾರತಕ್ಕೇ ಸಾಗಹಾಕಿದ್ರು, 1989ರಲ್ಲಿ 47 ಕೋಟಿ ಡಾಲರ್‌ಗೆ ಮುಗೀತು. ಎಷ್ಟು ಸಾವಿರ ಜನ ಸತ್ತಿದ್ರು, ಎಷ್ಟು ಲಕ್ಷ ಜನ ನರಳ್ತಿದ್ರು ಅಂತ ನೋಡಿದ್ರೆ ತಲೆಗೆ ಬಂದಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಗಾಗಿ ನಾನು ನೋಡೋದು ಒಂದೇ, ಕಕ್ಷಿದಾರನಿಗೆ ಬೇಕಾಗಿದ್ದೂ ಹೋರಾಟಕ್ಕೆ ಬೇಕಾಗಿದ್ದೂ ಬೇರೆ ಬೇರೆ ಆದಾಗ ಆ ಲಾಯರ್ ಏನ್ ಮಾಡ್ತಾನೆ ಅಂತ. ನನ್ನ ಕೇಸಲ್ಲೇ ಅದು ಬಂತು. ಆ ಲಾರಿ ಡ್ರೈವರ್‌ನ ಲಾಗ್, ಅಂದ್ರೆ ಎಷ್ಟು ಹೊತ್ತು ಓಡಿಸಿದ ಅನ್ನೋ ದಾಖಲೆ, ತರಿಸಿ ನೋಡಿದ್ರೆ ದಿನಕ್ಕೆ 11 ಗಂಟೆಗಿಂತ ಜಾಸ್ತಿ ಓಡಿಸಬಾರದು ಅನ್ನೋ ನಿಯಮ ಮುರಿದಿತ್ತು, ಅದೂ ಒಂದಿನ ಅಲ್ಲ. ಕಂಪನಿ ತಕ್ಷಣ ದೊಡ್ಡ ಮೊತ್ತ ಹೇಳ್ತು, ಜತೆಗೆ ಯಾರಿಗೂ ಬಾಯಿ ಬಿಡಬಾರದು ಅನ್ನೋ ಷರತ್ತು. ನಮ್ಮ ಲಾಯರ್ ಅಂಥ ಷರತ್ತಿನ ವಿರುದ್ಧ ಸಭೆಗಳಲ್ಲಿ ಭಾಷಣ ಮಾಡೋ ಮನುಷ್ಯ, ಆದ್ರೂ ನನ್ನ ಮುಂದೆ ಕಾಗದ ಇಟ್ಟು, ಕುತ್ತಿಗೆ ನಿಮ್ಮದು, ಬಿಲ್ ನಿಮ್ಮದು, ಸಹಿ ಹಾಕಿದ್ರೆ ನನಗೇನೂ ಬೇಜಾರಿಲ್ಲ ಅಂದ್ರು. ಮನೆಗೆ ಬಂದು ಹೆಂಡ್ತಿ ಹತ್ರ ಮಾತಾಡ್ದೆ. ಆ ಡ್ರೈವರ್‌ನ ನಿದ್ದೆಗೆಡಿಸಿ ಓಡಿಸ್ತಿದ್ದಾರೆ, ನಾಳೆ ಇನ್ಯಾರ ಮೇಲೆ ಹತ್ತುತ್ತೋ, ಬೇಡ ಅಂದ್ಲು.

ಷರತ್ತು ತೆಗೆಸೋಕೆ ಇನ್ನೂ ಮೂರು ತಿಂಗಳು ಹಿಡೀತು. ಮೊತ್ತ ಇಳೀತು, ಅದರ ಜತೆ ಲಾಯರ್ ಪಾಲೂ ಇಳೀತು, ಅದರ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ.