ಪಿಕಪ್ ತಗೊಳ್ಳೋ ಮೊದಲು ಕಂತಲ್ಲ, ಪೂರ್ತಿ ಬೆಲೆ ಕೇಳು

ತಮ್ಮಾ, ತೀರ್ಥಹಳ್ಳಿಯಿಂದ ಡಲ್ಲಾಸ್‌ಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳೋದನ್ನೇ ನೀನೂ ಕೇಳಿದ್ದೀಯ. ಇಲ್ಲಿ ಬದುಕು ಹೇಗೆ, ಸಂಬಳದಲ್ಲಿ ಕೈಗೆ ಎಷ್ಟು ಉಳಿಯುತ್ತೆ ಅಂತ. ಜೊತೆಗೆ ಇನ್ನೊಂದು: ಆಫೀಸಿನಲ್ಲಿ ಅರ್ಧ ಜನರ ಹತ್ತಿರ ಪಿಕಪ್ ಇದೆ, 70,000 ಡಾಲರಿನ ಗಾಡಿಯನ್ನು 84 ತಿಂಗಳ ಕಂತಿಗೆ ಕೊಡ್ತೀವಿ ಅಂತಿದ್ದಾರೆ, ತಗೊಳ್ಳಲಾ ಅಕ್ಕಾ ಅಂತ. ಅಪ್ಪಯ್ಯ ಫೋನಲ್ಲಿ "ಅಡಿಕೆ ಹೇರೋ ಗಾಡಿಗೆ ಅರವತ್ತು ಲಕ್ಷ ಯಾಕೋ?" ಅಂದಾಗ ಉತ್ತರ ಹೊಳೆಯಲಿಲ್ಲ ಅಂತಲೂ ಬರೆದಿದ್ದೀಯ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಈಗ ತಗೋಬೇಡ.

ಅಪ್ಪಯ್ಯನ ಪ್ರಶ್ನೆ ಸರಿಯಾದದ್ದೇ. ನಮ್ಮ ಸಾಗರದ ಮಂಡಿಗೆ ಸುಗ್ಗಿಯಲ್ಲಿ ಬರೋ ಬೊಲೆರೊ ಪಿಕಪ್ ನೆನಪು ಮಾಡ್ಕೋ. ಮುಂದೆ ಡ್ರೈವರು, ಪಕ್ಕದಲ್ಲಿ ಒಬ್ಬರೋ ಇಬ್ಬರೋ. ಹಿಂದಿನದೆಲ್ಲ ಚೀಲಕ್ಕೆ ಜಾಗ, ಮೇಲೆ ಟಾರ್ಪಾಲು. ಹತ್ತು ಲಕ್ಷದ ಆಸುಪಾಸಿನ ಆ ಗಾಡಿ ಒಂದು ಟನ್ನಿಗೂ ಹೆಚ್ಚು ಹೇರಿಕೊಂಡು ಘಾಟಿ ಹತ್ತುತ್ತೆ. ಇಲ್ಲಿ ಈಗ ಹೆಚ್ಚಾಗಿ ಮಾರಾಟ ಆಗೋದು ನಾಲ್ಕು ಬಾಗಿಲಿನ, ಐದು ಜನ ಕೂರೋ ಪಿಕಪ್ಪು. ಹಿಂದಿನ ಬಾಡಿ ಎಷ್ಟೋ ಗಾಡಿಗಳಲ್ಲಿ ಐದೂವರೆ ಅಡಿ ಅಷ್ಟೇ. ಒಂದು ಉದ್ದದ ಏಣಿ ಇಟ್ಟರೆ ಹಿಂಬಾಗಿಲು ಮುಚ್ಚಲ್ಲ. ನಮ್ಮೆಜಮಾನರು ಮನೆಗಳಿಗೆ ಮರದ ಬೇಲಿ ಹಾಕಿಸೋ ಕೆಲಸ ಮಾಡೋದು. ಅದಕ್ಕೇ ನಾವು ಎಂಟು ಅಡಿ ಬಾಡಿಯ, ಬಟ್ಟೆ ಸೀಟಿನ, ಫೋರ್ಡಿನ ಎಲ್ಲಕ್ಕಿಂತ ಕೆಳಗಿನ ಸಾದಾ ಮಾದರಿ ಎಕ್ಸ್‌ಎಲ್ ಇಟ್ಟುಕೊಂಡಿದ್ದೀವಿ.

ದುಡ್ಡು ಹೋಗೋದು ಮುಂದಿನ ಅರ್ಧಕ್ಕೆ. ಬಾಗಿಲು ತೆಗೆದರೆ ಕಾಲಿಡೋ ಮೆಟ್ಟಿಲು ತಾನಾಗೇ ಕೆಳಗಿಳಿಯುತ್ತೆ. ಸೀಟು ಚಳಿಗಾಲಕ್ಕೆ ಬೆಚ್ಚಗೆ, ಬೇಸಿಗೆಗೆ ತಣ್ಣಗೆ, ಬೇಕಾದರೆ ಬೆನ್ನನ್ನೂ ಒತ್ತುತ್ತೆ. ರ‍್ಯಾಮ್ ಅನ್ನೋ ಪಿಕಪ್ ಕಂಪನಿ 2019ರಲ್ಲೇ 12 ಇಂಚಿನ ಪರದೆ ತಂದಿತು. 2021ರ ಫೋರ್ಡ್ ಎಫ್-150 ಪಿಕಪ್ಪಿನಲ್ಲಿ ಒಂದು ಗುಂಡಿ ಒತ್ತಿದರೆ ಗೇರಿನ ಹಿಡಿ ಒಳಕ್ಕೆ ಮಡಚಿ ಹೋಗಿ, ಅದರ ಮೇಲೆ ಲ್ಯಾಪ್‌ಟಾಪ್ ಇಡೋಕೆ ಮೇಜು ತೆರೆದುಕೊಳ್ಳುತ್ತೆ. ದಕ್ಷಿಣ ಟೆಕ್ಸಾಸಿನ ದೊಡ್ಡ ದನದ ರಾಂಚ್ ಒಂದರ ಹೆಸರಿಟ್ಟು, ಚರ್ಮದ ಸೀಟು ಹಾಕಿ, ಫೋರ್ಡ್ ಕಿಂಗ್ ರಾಂಚ್ ಅಂತ ಎಫ್-150 ತಂದದ್ದು 2001ರಲ್ಲಿ. ಅಲ್ಲಿಂದೀಚೆಗೆ ಫೋರ್ಡಿನ ಪ್ಲಾಟಿನಂ, ಲಿಮಿಟೆಡ್, ಜಿಎಂಸಿ ಕಂಪನಿಯ ಡೆನಾಲಿ ಅಂತ ಒಂದಕ್ಕಿಂತ ಒಂದು ದುಬಾರಿ ಮಾದರಿಗಳು.

ಇದೆಲ್ಲ ಬರೀ ಶೋಕಿ ಅಂತ ನಾನು ಹೇಳಲ್ಲ. ಇಲ್ಲಿಯ ಆಗಸ್ಟ್ ಬಿಸಿಲಲ್ಲಿ ದಿನವಿಡೀ ಸೈಟಿಂದ ಸೈಟಿಗೆ ಓಡಾಡೋರಿಗೆ ತಣ್ಣನೆಯ ಸೀಟು ದೊಡ್ಡ ಉಪಕಾರ. 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಾಸಿಗೆ ಕರೆಂಟು ಹೋದಾಗ, ಹೈಬ್ರಿಡ್ ಎಫ್-150 ಇದ್ದವರು ಗಾಡಿಯ ಹಿಂದಿನ ಪ್ಲಗ್ಗಿಂದ ಮನೆಗೆ ವೈರ್ ಎಳೆದು ಹೀಟರ್ ಉರಿಸಿದರು. 7.2 ಕಿಲೋವ್ಯಾಟ್‌ವರೆಗೆ ಕೊಡುತ್ತೆ ಅದು. ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲಲ್ಲಿ ಕೂತ ಮಲೆನಾಡಿನ ನಮಗೆ ಅದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಅಗ್ಗದ ಗಾಡಿ ಯಾಕೆ ಸಿಗ್ತಿಲ್ಲ ಅನ್ನೋದಕ್ಕೆ ಹಳೇ ಕಾರಣಗಳಿವೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು ಅಂತ 1964ರಲ್ಲಿ ಇವರು ಹೊರಗಿಂದ ಬರೋ ಸಣ್ಣ ಟ್ರಕ್ಕಿಗೆ 25 ಪರ್ಸೆಂಟ್ ಸುಂಕ ಹಾಕಿದರು. ಕೋಳಿಯ ಜಗಳ ಮುಗಿದರೂ ಸುಂಕ ಉಳಿಯಿತು. ಹೊರಗಿನ ಅಗ್ಗದ ಗಾಡಿಯ ಪೈಪೋಟಿ ಇಲ್ಲದ ಕಡೆ ಬೆಲೆ ಯಾಕೆ ಇಳಿಯುತ್ತೆ? ಮೇಲಿಂದ ಮೈಲೇಜಿನ ಕಾನೂನು ಗಾಡಿಯ ಅಗಲ ಉದ್ದ ನೋಡಿ ಗುರಿ ಇಡುತ್ತೆ, ದೊಡ್ಡದಾದಷ್ಟೂ ಸಡಿಲ. ಫೋರ್ಡಿನ ಸಣ್ಣ ಪಿಕಪ್ ರೇಂಜರ್ 2011ರ ನಂತರ ಇಲ್ಲಿ ನಿಂತೇ ಹೋಯ್ತು, 2019ಕ್ಕೆ ತಿರುಗಿ ಬಂದಾಗ ಮೈ ಬೆಳೆಸಿಕೊಂಡಿತ್ತು. 2018ರಲ್ಲಿ ಫೋರ್ಡ್ ಇಲ್ಲಿ ಸೆಡಾನ್ ಮಾರೋದನ್ನೇ ಬಿಡ್ತೀವಿ ಅಂದಿತು. 2021ರಲ್ಲಿ ಅವರದೇ ಪುಟ್ಟ ಪಿಕಪ್ ಮ್ಯಾವೆರಿಕ್ 19,995 ಡಾಲರಿಗೆ ಬಂದಾಗ ನಮಗೆಲ್ಲ ಖುಷಿಯಾಗಿತ್ತು. ಈಗ ಅದೇ 28,000ದ ಆಸುಪಾಸು. ಇಲ್ಲಿ ಹೊಸ ಗಾಡಿಯ ಸರಾಸರಿ ಬೆಲೆಯೇ 2025ರ ಸೆಪ್ಟೆಂಬರಿನಲ್ಲಿ 50,000 ಡಾಲರ್ ದಾಟಿತು.

ಇಷ್ಟೊಂದು ಬೆಲೆಯನ್ನ ಜನ ಹೇಗೆ ಕೊಡ್ತಾರೆ ಅಂದರೆ, ಬೆಲೆಯನ್ನ ನೋಡೋದೇ ಇಲ್ಲ, ಕಂತನ್ನ ನೋಡ್ತಾರೆ. ನಿನ್ನ ಲೆಕ್ಕವನ್ನೇ ಹಾಕೋಣ. 70,000 ಡಾಲರ್, 84 ತಿಂಗಳು, ಬಡ್ಡಿ 8 ಪರ್ಸೆಂಟ್ ಅಂದುಕೋ. ತಿಂಗಳಿಗೆ ಸುಮಾರು 1,091 ಡಾಲರ್. ಕೊನೆಗೆ ನೀನು ಕಟ್ಟಿರೋದು 91,600 ಡಾಲರಿಗೂ ಮೇಲೆ. ಹೊಸದಾಗಿ ಬಂದವನಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ತೀರಿಸಿದ ದಾಖಲೆ, ಇಲ್ಲ, ಬಡ್ಡಿ ಇನ್ನೂ ಹೆಚ್ಚೇ ಹೇಳಬಹುದು. ಟೆಕ್ಸಾಸಿನ 6.25 ಪರ್ಸೆಂಟ್ ತೆರಿಗೆ, ಇಲ್ಲಿಯ ಹಳೇ ದಾಖಲೆ ಇಲ್ಲದವನ ಇನ್ಶೂರೆನ್ಸ್, ಪೆಟ್ರೋಲು, ಇವೆಲ್ಲ ಬೇರೆ.

ನಂಗೆ ಹೆದರಿಕೆ ಇರೋದು ಇಲ್ಲೇ. ನಿನ್ನ ಕೆಲಸದ ವೀಸಾ ಎಚ್-1ಬಿ ಮೂರು ವರ್ಷದ್ದು, ಸಾಲ ಏಳು ವರ್ಷದ್ದು. ಮೂರು ವರ್ಷ, 36 ಕಂತು ತಪ್ಪದೆ ಕಟ್ಟಿದ ಮೇಲೂ ಸುಮಾರು 44,700 ಡಾಲರ್ ಬಾಕಿ ಇರುತ್ತೆ. ನಡುವೆ ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ ಕೊಡೋದು 60 ದಿನದವರೆಗೆ ಮಾತ್ರ. ಆಗ ಗಾಡಿ ಮಾರಿದರೆ ಸಾಲ ತೀರುವಷ್ಟು ಬರುತ್ತೋ ಇಲ್ಲವೋ ಹೇಳೋರಿಲ್ಲ. ಎಲೆಕ್ಟ್ರಿಕ್ ಎಫ್-150 ಲೈಟ್ನಿಂಗ್ ನೋಡು. 2021ರಲ್ಲಿ 39,974 ಡಾಲರಿಂದ ಶುರು ಅಂದರು, 2023ರ ಮಾರ್ಚಿಗೆ 59,974 ಮಾಡಿದರು, ಅದೇ ಜುಲೈಗೆ 49,995ಕ್ಕೆ ಇಳಿಸಿದರು. ಮಾರ್ಚಿನಲ್ಲಿ ಕೊಂಡವನ ಹತ್ತು ಸಾವಿರ ನಾಲ್ಕೇ ತಿಂಗಳಲ್ಲಿ ಕರಗಿತು.

ಅಕ್ಕಪಕ್ಕದ ಮನೆಯವರು ಹೇಗೆ ತಗೊಂಡಿದ್ದಾರೆ ಅಂತ ನಿನಗೆ ಅನ್ನಿಸಬಹುದು. ಸ್ವಂತ ಉದ್ಯೋಗ ಇರೋರಿಗೆ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದ ಗಾಡಿಗೆ ಆದಾಯ ತೆರಿಗೆಯಲ್ಲಿ ಒಳ್ಳೆ ವಿನಾಯಿತಿ ಇದೆ. ಸಂಬಳದವನಾದ ನಿನಗೆ ಅದು ಇಲ್ಲ.

ಷೋರೂಮಿಗೆ ಹೋಗಲೇಬೇಕು ಅನ್ನಿಸಿದರೆ ಒಂದು ಕೆಲಸ ಮಾಡು. ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲೆ ಅಂಟಿಸಿರೋ ಟೈರಿನ ಚೀಟಿ ಓದು. ಜನ, ಸಾಮಾನು ಸೇರಿ ಇಷ್ಟು ಪೌಂಡು ದಾಟಬಾರದು ಅಂತ ಅದರಲ್ಲಿ ಬರೆದಿರುತ್ತೆ. ಗಾಜಿನ ಛಾವಣಿ, ಮೋಟಾರಿನ ಮೆಟ್ಟಿಲು, ದಪ್ಪ ಸೀಟು, ಎಲ್ಲದರ ತೂಕವೂ ಆ ಮಿತಿಯಿಂದಲೇ ಕಳೆಯೋದು. ಟಾಪ್ ಎಂಡ್ ಗಾಡಿಯಲ್ಲಿ ಅದು 1,500 ಪೌಂಡಿನ ಹತ್ತಿರಕ್ಕೆ, ಅಂದರೆ 680 ಕಿಲೋಗೆ ಇಳಿಯೋದುಂಟು. ಐದು ಜನ ಕೂತರೆ ಅದರಲ್ಲಿ ಅರ್ಧ ಹೋಯ್ತು. ಅಪ್ಪಯ್ಯನಿಗೆ ಈ ಒಂದು ಲೆಕ್ಕ ಹೇಳಿದರೆ ಸಾಕು.

ರಿಪೇರಿಯೂ ಹಾಗೇ. ನಮಗೆ ಗೊತ್ತಿರೋರೊಬ್ಬರ ಗಾಡಿಗೆ ಪಾರ್ಕಿಂಗಲ್ಲಿ ಹಿಂದಿನ ದೀಪ ಒಡೆಯಿತು. ಪಕ್ಕದ ಗಾಡಿ ತೋರಿಸೋ ರೇಡಾರ್ ಆ ದೀಪದೊಳಗೇ ಇರೋದರಿಂದ ಬಿಲ್ಲು ಸಾವಿರ ಡಾಲರ್ ದಾಟಿತು.

ಡಲ್ಲಾಸಿನಲ್ಲಿ ಗಾಡಿ ಇಲ್ಲದೆ ಆಗಲ್ಲ, ಅದು ನಂಗೂ ಗೊತ್ತು. ಬಳಸಿದ ಕೊರೊಲ್ಲಾ ಅಥವಾ ಕ್ಯಾಮ್ರಿ ನೋಡು. ಬ್ಯಾಂಕಿನಲ್ಲಿ ಠೇವಣಿ ಇಟ್ಟು ಕ್ರೆಡಿಟ್ ಕಾರ್ಡ್ ತಗೊಂಡು, ತಿಂಗಳು ತಿಂಗಳೂ ಪೂರ್ತಿ ತೀರಿಸು, ಕ್ರೆಡಿಟ್ ಹಿಸ್ಟರಿ ಬೆಳೆಯುತ್ತೆ. ಸೋಫಾ, ಮಂಚ ತರೋ ದಿನ ಹೋಮ್ ಡಿಪೋದಲ್ಲಿ ಪಿಕಪ್ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತೆ, ಇಲ್ಲಾಂದ್ರೆ ನಮ್ಮದನ್ನೇ ಒಯ್ಯಿ. ವೀಸಾ ಒಂದು ಸಲ ಮುಂದುವರಿದು, ಕೈಯಲ್ಲಿ ಆರು ತಿಂಗಳ ಖರ್ಚು ಉಳಿದ ಮೇಲೂ ಪಿಕಪ್ ಬೇಕು ಅನ್ನಿಸಿದರೆ, ನಮ್ಮ ಎಕ್ಸ್‌ಎಲ್‌ನ ಮುಂದಿನ ಮಾದರಿಯಾದ ಎಕ್ಸ್‌ಎಲ್‌ಟಿಯ ಮೇಲಕ್ಕೆ ಹೋಗಬೇಡ. ತೆರಿಗೆ, ಸಾಗಣೆ, ಕಾಗದಪತ್ರ ಎಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಬರೆಸಿಕೊಂಡು, ಸಹಿ ಹಾಕೋ ಮೊದಲು ಆ ಹಾಳೆಯ ಫೋಟೋ ನಂಗೆ ಕಳಿಸು. ನಮ್ಮೆಜಮಾನರೂ ಒಂದು ಸಲ ಕಣ್ಣಾಡಿಸ್ತಾರೆ.