ಕುಡಿಯದ ಪೈಲಟ್‌ಗೂ ಉಸಿರಿನ ಪರೀಕ್ಷೆಯ ಆತಂಕ

ಪ್ರಶ್ನೆ: ನನ್ನ ಮಗ ವಿಮಾನಯಾನ ಸಂಸ್ಥೆಯೊಂದರಲ್ಲಿ ಸಹಪೈಲಟ್. ಮದ್ಯ ಮುಟ್ಟಿದವನಲ್ಲ. ಆದರೆ ನೆಗಡಿಯಾದಾಗ ಹೋಮಿಯೋಪತಿ ಹನಿ ತೆಗೆದುಕೊಳ್ಳುವುದು, ಡ್ಯೂಟಿಗೆ ಹೊರಡುವ ಮುನ್ನ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವುದು ಅವನ ರೂಢಿ. ಇದರಿಂದ ಅವನ ಲೈಸೆನ್ಸ್‌ಗೆ ಕುತ್ತು ಬರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರಬಹುದು. ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಸಿಬ್ಬಂದಿ ಮದ್ಯ ಸೇವಿಸಿರಬಾರದು ಎಂದು 1937ರ ವಿಮಾನ ನಿಯಮಗಳ 24ನೇ ನಿಯಮ ಹೇಳುತ್ತದೆ. 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದ ಮೇಲೂ ಈ ಕಟ್ಟುಪಾಡು ಸಡಿಲವಾಗಿಲ್ಲ. ಆದರೆ ಅನೇಕರು 12 ಗಂಟೆಯ ಲೆಕ್ಕವೊಂದನ್ನೇ ನೆನಪಿಟ್ಟುಕೊಂಡು ಎಡವುತ್ತಾರೆ. ಎಷ್ಟೇ ಗಂಟೆ ಕಳೆದಿದ್ದರೂ ಉಸಿರಿನಲ್ಲಿರುವ ಆಲ್ಕೋಹಾಲ್ ಅಳೆಯುವ ಯಂತ್ರ ಸೊನ್ನೆಯನ್ನೇ ತೋರಿಸಬೇಕು, ಮತ್ತು ಆ ಯಂತ್ರಕ್ಕೆ ವಿಸ್ಕಿ ಯಾವುದು, ಔಷಧ ಯಾವುದು ಎಂಬ ಭೇದ ತಿಳಿಯದು. ಆದ್ದರಿಂದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2023ರಲ್ಲಿ ನಿಯಮವನ್ನು ಪರಿಷ್ಕರಿಸಿ, ಆಲ್ಕೋಹಾಲ್ ಅಂಶವಿರುವ ಔಷಧ, ಮೌತ್‌ವಾಶ್, ಹಲ್ಲಿನ ಜೆಲ್‌ಗಳನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ಅಂಥ ಔಷಧ ಸೇವಿಸುತ್ತಿರುವವರು ಹಾರಾಟದ ಕೆಲಸಕ್ಕೆ ಮುನ್ನ ಸಂಸ್ಥೆಯ ವೈದ್ಯರನ್ನು ಕಾಣಬೇಕು. ಹೀಗಿರುವಾಗ ‘ನಾನು ಕುಡಿದಿಲ್ಲ’ ಎಂಬ ಮಾತು ಸತ್ಯವೇ ಆಗಿದ್ದರೂ ರಕ್ಷಣೆಯಾಗಿ ಬಹಳ ದೂರ ಬಾರದು.

ಮೊದಲ ಬಾರಿ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು, ಎರಡನೆಯ ಬಾರಿಗೆ 3 ವರ್ಷ, ಮೂರನೆಯದಕ್ಕೆ ರದ್ದು. ಎಳೆಯ ಸಹಪೈಲಟ್‌ಗೆ ಮೊದಲ ಅಮಾನತೇ ದೊಡ್ಡ ಪೆಟ್ಟು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದಿನ ಸಣ್ಣ ಅಜಾಗ್ರತೆಯ ಬೆಲೆ 3 ವರ್ಷವಾಗುತ್ತದೆ.

ಯಂತ್ರ ಸೊನ್ನೆಗಿಂತ ಹೆಚ್ಚು ತೋರಿಸಿದರೆ 15ರಿಂದ 20 ನಿಮಿಷದ ಬಳಿಕ ಮರುಪರೀಕ್ಷೆಗೆ ಅವಕಾಶವಿದೆ. ಈ ನಡುವೆ ಮುಖ ತೊಳೆದು ಬಾಯಿ ಮುಕ್ಕಳಿಸಬಹುದು. ಬಾಯಲ್ಲಷ್ಟೇ ಉಳಿದ ಮೌತ್‌ವಾಶ್‌ನ ಅಂಶ ಸಾಮಾನ್ಯವಾಗಿ ಅಷ್ಟರೊಳಗೆ ಇಳಿದುಹೋಗುತ್ತದೆ. ಎರಡನೆಯ ಪರೀಕ್ಷೆಗೆ ಮೊದಲು ಅದೇ ಯಂತ್ರ ಸರಿಯಾಗಿದೆಯೇ ಎಂದು ಪರಿಶೀಲಿಸಬೇಕು, ಎರಡೂ ಅಳತೆಗಳನ್ನು ದಾಖಲಿಸಿ ಮುದ್ರಿತ ಪ್ರತಿ ತೆಗೆಯಬೇಕು. ಗಾಬರಿಯಲ್ಲಿ ಮರುಪರೀಕ್ಷೆಯನ್ನು ನಿರಾಕರಿಸುವುದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಅಮಾನತಿಗೆ ಮುಂಚೆ ಅಹವಾಲು ಹೇಳಿಕೊಳ್ಳುವ ಹಕ್ಕು ಅದೇ 1937ರ ವಿಮಾನ ನಿಯಮಗಳ 19ನೇ ನಿಯಮದಡಿ ಇದೆ. ಅಲ್ಲಿ ವೈದ್ಯರ ಹಳೆಯ ಚೀಟಿಗಿಂತ ಪರೀಕ್ಷೆಯ ಕ್ರಮದಲ್ಲಿ ಆದ ಲೋಪವೇ ಹೆಚ್ಚು ತೂಗುತ್ತದೆ.

ಹೋಮಿಯೋಪತಿಯ ಅನೇಕ ದ್ರವ ಔಷಧಗಳು ಆಲ್ಕೋಹಾಲಿನಲ್ಲೇ ತಯಾರಾಗುತ್ತವೆ. ಮಗ ಮುಂದಿನ ಡ್ಯೂಟಿಗೆ ಹೊರಡುವ ಮುನ್ನ ಮನೆಯಲ್ಲಿರುವ ಸೀಸೆಗಳ ಮೇಲಿನ ಲೇಬಲ್ ಓದಿನೋಡಿ.