ಲಾಗಿನ್‌ನಲ್ಲಿ ಇಟ್ಟ ಕಸ್ಟಮ್ ಪ್ರಿನ್ಸಿಪಲ್ ಮುಂದಿನ ಪುಟದಲ್ಲಿ ಸಿಗುತ್ತಿಲ್ಲ (ಎಎಸ್‌ಪಿ ಡಾಟ್ ನೆಟ್ ಎಂವಿಸಿ 5, ಫಾರ್ಮ್ಸ್ ಅಥೆಂಟಿಕೇಶನ್)

ಲಾಗಿನ್ ಆಕ್ಷನ್‌ನಲ್ಲೇ ನೀವು ಕಾಂಟೆಕ್ಸ್ಟ್‌ನ ಯೂಸರ್‌ಗೆ ನಿಮ್ಮ ಪ್ರಿನ್ಸಿಪಲ್ (ಬಳಕೆದಾರ ಯಾರು, ಅವರ ಪಾತ್ರಗಳೇನು ಎಂದು ಹೇಳುವ ಆಬ್ಜೆಕ್ಟ್) ಕೊಡುತ್ತಿರುವುದೇ ಬಹುಶಃ ಕಾರಣ. ಆ ಪ್ರಾಪರ್ಟಿ ಬದುಕುವುದು ಒಂದೇ ರಿಕ್ವೆಸ್ಟ್‌ವರೆಗೆ. ಮುಂದಿನದಕ್ಕೆ ಕುಕಿಯಿಂದ ಹೆಸರು ಮಾತ್ರ ಬರುತ್ತದೆ, ಅದಕ್ಕೇ ಅಲ್ಲಿ ಯೂಸರ್ ಅನ್ನು ನಿಮ್ಮ ಪ್ರಿನ್ಸಿಪಲ್ ಬಗೆಗೆ ಕಾಸ್ಟ್ ಮಾಡಿದರೆ (ಪರಿವರ್ತಿಸಿದರೆ) ನಲ್, ಅಂದರೆ ಏನೂ ಸಿಗುವುದಿಲ್ಲ.

ಮೊದಲು ಸೆಟ್‌ಆಥ್‌ಕುಕಿ (ಲಾಗಿನ್ ಕುಕಿ ಬರೆಯುವ ಸಿದ್ಧ ಮೆಥಡ್) ಕರೆಯನ್ನು ತೆಗೆಯಿರಿ. ಉಳಿಸಿಕೊಂಡರೆ ಅದು ಯೂಸರ್‌ಡೇಟಾ (ನಿಮ್ಮದೇ ಮಾಹಿತಿ ಇಡುವ ಜಾಗ) ಖಾಲಿ ಇರುವ ಕುಕಿ ಬರೆಯುತ್ತದೆ. ಬದಲಿಗೆ ಕುಕಿಯೊಳಗೆ ಹೋಗುವ ಲಾಗಿನ್ ದಾಖಲೆಯಾದ ಫಾರ್ಮ್ಸ್‌ಅಥೆಂಟಿಕೇಶನ್‌ಟಿಕೆಟ್ ನೀವೇ ಕಟ್ಟಿ, ಯೂಸರ್‌ಡೇಟಾದಲ್ಲಿ ಐಡಿ, ಪಾತ್ರಗಳನ್ನು ಜೇಸನ್ ಆಗಿ ಇಡಿ. ಎನ್‌ಕ್ರಿಪ್ಟ್ ಮಾಡಿ, ಫಾರ್ಮ್ಸ್‌ಕುಕಿನೇಮ್ ಹೆಸರಿನ ಕುಕಿಯಾಗಿ ರೆಸ್ಪಾನ್ಸ್‌ಗೆ ಸೇರಿಸಿ. ಪುಟದ ಸ್ಕ್ರಿಪ್ಟ್‌ಗಳಿಗೆ ಕುಕಿ ಸಿಗದಂತೆ ಮಾಡುವ ಎಚ್‌ಟಿಟಿಪಿಓನ್ಲಿ ಮರೆಯಬೇಡಿ. "ನೆನಪಿಡಿ" ಆಯ್ಕೆ ಇದ್ದರೆ ಕುಕಿಯ ಎಕ್ಸ್‌ಪೈರ್ಸ್ ಕೂಡ ನೀವೇ ಕೊಡಬೇಕು, ಟಿಕೆಟ್‌ನ ಅವಧಿ ಸಾಲದು.

ನಂತರ ಗ್ಲೋಬಲ್ ಡಾಟ್ ಎಎಸ್‌ಎಎಕ್ಸ್‌ನ ಪೋಸ್ಟ್‌ಅಥೆಂಟಿಕೇಟ್‌ರಿಕ್ವೆಸ್ಟ್‌ನಲ್ಲಿ (ಪ್ರತಿ ರಿಕ್ವೆಸ್ಟ್‌ನಲ್ಲೂ ಲಾಗಿನ್ ಪರೀಕ್ಷೆಯ ನಂತರ ನಡೆಯುವ ಇವೆಂಟ್) ಯೂಸರ್‌ನ ಐಡೆಂಟಿಟಿಯನ್ನು ಫಾರ್ಮ್ಸ್‌ಐಡೆಂಟಿಟಿಗೆ ಕಾಸ್ಟ್ ಮಾಡಿ. ನಲ್ ಆದರೆ ಸುಮ್ಮನೆ ಹಿಂದಿರುಗಿ. ಇಲ್ಲವಾದರೆ ಅದರ ಟಿಕೆಟ್‌ನಿಂದ ಯೂಸರ್‌ಡೇಟಾ ಓದಿ ನಿಮ್ಮ ಪ್ರಿನ್ಸಿಪಲ್ ರಚಿಸಿ, ಕಾಂಟೆಕ್ಸ್ಟ್‌ನ ಯೂಸರ್‌ಗೆ ಕೊಡಿ. ಕುಕಿಯನ್ನು ಮತ್ತೆ ಡಿಕ್ರಿಪ್ಟ್ ಮಾಡುವ ಉದಾಹರಣೆಗಳು ಬಹಳ ಸಿಗುತ್ತವೆ, ಆದರೆ ಫಾರ್ಮ್ಸ್ ಮಾಡ್ಯೂಲ್ ಆ ಕೆಲಸವನ್ನು, ಅವಧಿ ಪರೀಕ್ಷೆಯನ್ನೂ ಸೇರಿಸಿ, ಆಗಲೇ ಮುಗಿಸಿರುತ್ತದೆ. ಈ ಹಂತದಲ್ಲಿ ಸೆಷನ್ ಇನ್ನೂ ತೆರೆದಿರುವುದಿಲ್ಲ; ಅಲ್ಲಿಂದ ಏನನ್ನೂ ಓದಲು ಹೋಗಬೇಡಿ.

ಕುಕಿ ಸುಮಾರು 4 ಕೆಬಿ ದಾಟಿದರೆ ಬ್ರೌಸರ್ ಸದ್ದಿಲ್ಲದೆ ಬಿಸಾಡುತ್ತದೆ, ಎನ್‌ಕ್ರಿಪ್ಟ್ ಆದಾಗ ಗಾತ್ರ ಹಿಗ್ಗುತ್ತದೆ ಬೇರೆ. ಹಾಗಾಗಿ ಇಡೀ ಪ್ರೊಫೈಲ್ ತುಂಬಬೇಡಿ. ಪಾತ್ರ ಬದಲಾದರೂ ಹೊಸ ಟಿಕೆಟ್ ಕೊಡುವವರೆಗೆ ಹಳೆಯದೇ ನಡೆಯುತ್ತದೆ. ಅಡ್ಮಿನ್ ಹಕ್ಕುಗಳನ್ನು ಡೇಟಾಬೇಸ್‌ನಲ್ಲೇ ಪರೀಕ್ಷಿಸಿ. ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದರೆ ಎಲ್ಲದರ ವೆಬ್ ಕಾನ್ಫಿಗ್‌ನಲ್ಲೂ ಮಷೀನ್‌ಕೀ (ಟಿಕೆಟ್ ಎನ್‌ಕ್ರಿಪ್ಟ್ ಮಾಡಲು ಬಳಸುವ ಕೀ) ಒಂದೇ ಇರಲಿ.